ಇನ್ನೊಂದು ಸುತ್ತು ಬಿಡ್ಲಾ

ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದೂ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಗೆಲ್ಲದವನೆಂದರೆ ಮೆಲ್ಲಣ್ಣ ಒಬ್ಬನೇ. ಅವನದು ಪೇಸ್ ಕಾರು. ರೇಸು ಶುರುವಾಗುವ ಮುನ್ನ ಉಳಿದ ಕಾರುಗಳನ್ನೆಲ್ಲ ಬೆನ್ನಿಗೆ ಹಾಕಿಕೊಂಡು ನಿಧಾನವಾಗಿ ಸುತ್ತು ಹೊಡೆಸಿ, ಹಸಿರು ಬಾವುಟ ಬೀಸುವ ಮೊದಲು ಪಕ್ಕದ ದಾರಿಗೆ ಸರಿದುಕೊಳ್ಳುವುದು ಕೆಲಸ. ತನ್ನನ್ನು ಯಾರೂ ಹಿಂದೆ ಹಾಕುವಂತಿಲ್ಲ, ರೂಲ್ಸೇ ಹಾಗಿದೆ ಎಂದು ಕ್ಯಾಂಟೀನಿನಲ್ಲಿ ಜಂಬ ಕೊಚ್ಚುತ್ತಿದ್ದ. ಅಲ್ಲೇ ಎಲ್ಲರ ದನಿಯನ್ನೂ ಅಣಕಿಸಿ ತೆಗೆಯುತ್ತಿದ್ದ: ಮೂಗಿನಲ್ಲಿ ಮಾತಾಡುವ ಡಾಕ್ಟರು, ಶೀತ ಹಿಡಿದ ಇಂಜಿನ್ನು, ಗೋಪುರದಲ್ಲಿ ಕೂತು ವಾಕಿಟಾಕಿಯಲ್ಲಿ ಅಪ್ಪಣೆ ಕೊಡುವ ಸ್ವಂತ ಭಾವ. ಭಾವನ ದನಿಯಲ್ಲಿ ಕರೆದರೆ ಅಕ್ಕನೇ ಅಡುಗೆಮನೆಯಿಂದ ಓಗೊಡುತ್ತಿದ್ದಳು.

ಆ ಭಾನುವಾರ ಎರಡನೆಯ ಸುತ್ತು ಮುಗಿಯುವಾಗ ಅವನು ಕೇಳಿದ: "ಭಾವ, ಇನ್ನೊಂದು ಸುತ್ತು ಬಿಡ್ಲಾ?"

"ಬಿಡು," ಎಂದಿತು ಗೋಪುರ.

ಗಾಡಿ ಬಿಡು ಎಂದುಕೊಂಡು ಮೆಲ್ಲಣ್ಣ ಪಕ್ಕಕ್ಕೆ ಸರಿಯದೆ ನೇರಕ್ಕೆ ಹೋದ. ಸಾಕು ಬಿಡು ಎಂದುಕೊಂಡು ಭಾವ ಬಾವುಟ ಬೀಸಲು ಹೇಳಿದ. ಇಪ್ಪತ್ನಾಲ್ಕು ಕಾರು ಒಟ್ಟಿಗೆ ಮೈಮೇಲೆ ಬಂದಾಗ ಮೆಲ್ಲಣ್ಣ ಸ್ಟೇರಿಂಗ್ ಎಳೆದ. ಹಳೆ ಟೈರುಗಳ ಗೋಡೆ ಎದ್ದುಬಂದು ಗುದ್ದಿತು. ಕಾರಿನ ಮೂತಿ ನಜ್ಜುಗುಜ್ಜಾಯಿತು. ಮೆಲ್ಲಣ್ಣನ ಹೆಗಲ ಮೂಳೆ ಮುರಿಯಿತು. ಉಳಿದವರಿಗೆ ಒಂದು ತರಚು ಗಾಯವೂ ಆಗಲಿಲ್ಲ.

ಮೂರನೆಯ ದಿನ ವಿಚಾರಣೆ. ಸುರಕ್ಷತೆ ನೋಡಿಕೊಳ್ಳುವ ಮೇಡಂ ಮೇಜಿನ ಆಚೆ, ಭಾವ ಮತ್ತು ಭಾವಮೈದ ಈಚೆ. ಇಬ್ಬರಲ್ಲಿ ಒಬ್ಬರ ಕೆಲಸ ಹೋಗುವುದು ಖಂಡಿತ ಎಂದು ಆಕೆ ಮೊದಲೇ ಹೇಳಿದ್ದರು. ರೆಕಾರ್ಡು ಹಾಕಿ ನಾಲ್ಕು ಸಲ ಕೇಳಿದ್ದಾಯಿತು. ಪದ ಸ್ಪಷ್ಟವಾಗಿತ್ತು, ಅದರ ರಾಗವನ್ನು ಮಾತ್ರ ಗರಗರ ಸದ್ದು ನುಂಗಿತ್ತು. ಸಾಕು ಅನ್ನುವ ಅರ್ಥದಲ್ಲೇ ಹೇಳಿದ್ದೆಂದು ಭಾವ ವಾದಿಸಿದ. ತನಗೆ ಹಾಗೆ ಕೇಳಿಸಲಿಲ್ಲ ಎಂದು ಮೆಲ್ಲಣ್ಣ ಪಟ್ಟು ಹಿಡಿದ.

ಮೇಡಂ ಪೆನ್ನು ಕೆಳಗಿಟ್ಟರು. "ನೀವು ಎಲ್ಲರ ದನಿ ತೆಗೀತೀರಂತಲ್ಲ. ಅವರು ಹೇಗಂದ್ರೋ ಹಾಗೇ ಅಂದು ತೋರಿಸಿ."

ಗಂಟಲಲ್ಲಿ ಎರಡು 'ಬಿಡು' ಸಿದ್ಧವಾಗಿದ್ದವು. ಒಂದು ಕುದುರೆಗೆ ಚಾಟಿ ತೋರಿಸುವಂಥದ್ದು. ಅದಕ್ಕೆ ಭಾವನ ಕುರ್ಚಿ ಹೋಗುತ್ತಿತ್ತು. ಇನ್ನೊಂದಕ್ಕೆ ತನ್ನದು. ಮೊದಲನೆಯದನ್ನೇ ಆರಿಸಿಕೊಂಡು ಮೆಲ್ಲಣ್ಣ ಬಾಯಿ ತೆರೆದ. ದನಿ ತೆಗೆಯುವವನ ಕಿವಿ ಅವನ ಮಾತು ಕೇಳಲಿಲ್ಲ. ಹೊರಬಂದದ್ದು ಅಂದು ಕಿವಿಗೆ ಬಿದ್ದದ್ದೇ: ಅರ್ಧ ಆಕಳಿಕೆ, ಕೊನೆಯಲ್ಲಿ ಕುಸಿಯುವ ಸ್ವರ, ಊಟಕ್ಕೆ ಕೂತಾಗ ಅಕ್ಕ ಮತ್ತೊಂದು ಸೌಟು ಬಡಿಸಲು ಬಂದರೆ ಭಾವ ತಟ್ಟೆಗೆ ಕೈ ಅಡ್ಡ ಹಿಡಿದು ಅನ್ನುವ "ಬಿಡೂ."

ಭಾವ ತನ್ನನ್ನೇ ಯಾರೋ ಕರೆದಂತೆ ತಿರುಗಿ ನೋಡಿದ.

"ಇದನ್ನ ಕೇಳಿ ಮುಂದೆ ಹೋಗಿ ಅಂತ ತಿಳ್ಕೊಂಡ್ರಾ?" ಎಂದರು ಮೇಡಂ.

ಮೆಲ್ಲಣ್ಣ ತನ್ನದೇ ದನಿಯಲ್ಲಿ, ಅದು ಯಾರಿಗೂ ಅಷ್ಟಾಗಿ ಪರಿಚಯವಿರಲಿಲ್ಲ, ಹೇಳಿದ: "ಇಪ್ಪತ್ನಾಲ್ಕು ಕಾರು ಹಿಂದೆ ಬರ್ತಿದ್ವು, ಮೇಡಂ. ನನಗೆ ಇನ್ನೊಂದು ಸುತ್ತು ಬೇಕು ಅನ್ನಿಸಿತ್ತು."

ಆಕೆ ಬರೆದುಕೊಂಡು, ಟ್ರ್ಯಾಕಿನ ಪಾಸನ್ನು ವಾಪಸು ಒಪ್ಪಿಸಿ ಹೋಗಲು ಅವನಿಗೆ ಹೇಳಿದರು. ಕೊರಳಲ್ಲಿದ್ದ ಪಾಸಿನ ದಾರ ಕೈ ಕಟ್ಟಿದ್ದ ಪಟ್ಟಿಗೆ ಸಿಕ್ಕಿಕೊಂಡಿತ್ತು. ಒಂಟಿ ಕೈಯಲ್ಲಿ ಬರಲಿಲ್ಲ. ಭಾವ ಎದ್ದು ಬಂದು ಮೂಳೆಗೆ ತಾಕದಂತೆ ಅದನ್ನು ಬಿಡಿಸಿ ಮೇಜಿನ ಮೇಲಿಟ್ಟ.