ಹಿಮ ನಿಲ್ಲುವ ಮೊದಲು

ಹಿಮ ಬೀಳುವುದು ನಿಲ್ಲುವ ತನಕ ನನ್ನ ಗಂಡ ಆರ್ವಿಡ್ ಸಲಿಕೆ ಮುಟ್ಟುವುದಿಲ್ಲ. ನಿಂತ ಮೇಲೆ ಅವನು ಮಾಡುವ ದಾರಿಯಷ್ಟು ನೇರವಾದದ್ದು ನಾರ್ತ್ ಡಕೋಟದ ನಮ್ಮ ಈ ಊರಲ್ಲೇ ಇನ್ನೊಂದಿಲ್ಲ. ಬೆಣ್ಣೆ ಕತ್ತರಿಸಿದ ಹಾಗೆ ಅಂಚು ಕತ್ತರಿಸುತ್ತಾನೆ. ಅರೆಬರೆ ಕೆಲಸ ದೇವರಿಗೆ ಮಾಡುವ ಅವಮಾನ ಎಂದು ಅವನ ಅಪ್ಪ ತಲೆಗೆ ತುಂಬಿಬಿಟ್ಟಿದ್ದರು. ಚರ್ಚಿನಲ್ಲಿ ಪ್ರಾರ್ಥನೆ ಹೇಳುವ ಸರದಿ ಬಂದರೂ ವಾರವಿಡೀ ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಾನೆ. ಭಾನುವಾರ ಬಂದರೂ ಅದು ಮುಗಿದಿರುವುದಿಲ್ಲ. ಬೇರೆ ಯಾರೋ ಪ್ರಾರ್ಥಿಸುತ್ತಾರೆ.

ಆ ಬೆಳಿಗ್ಗೆ ಹಿಮ ಸುರಿಯುತ್ತಲೇ ಇತ್ತು. ಎದುರುಮನೆಯ ಥೋರಾ ಫೋನ್ ಮಾಡಿದರು. ಎಂಬತ್ತು ದಾಟಿದ ಒಂಟಿ ಜೀವ. ಅವರ ತಂಗಿ ಹಿಲ್ಮಾ ನಮ್ಮ ಬೀದಿಯ ಕೊನೆಯ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದಳು.

"ಹಿಲ್ಮಾ ಇವತ್ತು ದಾಟಲ್ವಂತೆ ಲೋರ್ನಾ. ಕಾರು ಹೂತುಹೋಗಿದೆ. ನನ್ನ ಬಿಟ್ರೆ ಅವಳಿಗೆ ಯಾರಿದಾರೆ ಹೇಳು?"

ಆರ್ವಿಡ್ ಕಾಫಿ ಹಿಡಿದು ಕಿಟಕಿಯ ಬಳಿ ನಿಂತಿದ್ದ.

"ನಿಲ್ಲಲಿ ಕಣೇ. ಈಗ ತೆಗೆದ್ರೆ ಹಿಂದೇನೇ ಮುಚ್ಕೊಳುತ್ತೆ. ಸಂಜೆಗೆ ನೆಲ ಕಾಣೋ ಹಾಗೆ ಮಾಡಿಕೊಡ್ತೀನಿ."

"ಸಂಜೆಗೆ ಹಿಲ್ಮಾ ಇರ್ತಾಳಾ?"

ಅವನು ಕಾಫಿ ಹೀರಿದ. ನನಗೆ ರೇಗಿಹೋಯಿತು.

"ಕುಷ್ಠರೋಗಿನ ಮುಟ್ಟೋಕೆ ಮುಂಚೆ ಯೇಸುಸ್ವಾಮಿ ಹವಾಮಾನ ವರದಿ ಕೇಳ್ಕೊಂಡು ಕೂತಿದ್ನಾ?" ಎಂದು ಬೂಟು ಹಾಕಿಕೊಂಡು ಸಲಿಕೆಗೆ ಕೈಹಾಕಿದೆ.

"ಇಡು ಅದನ್ನ. ನಿನ್ನ ಸೊಂಟಕ್ಕೆ ಆಗಲ್ಲ," ಎಂದು ಕಿತ್ತುಕೊಂಡ.

ಬೀದಿ ದಾಟಿ ಥೋರಾ ಮನೆ ಬಾಗಿಲ ಮುಂದಿನ ಹಿಮ ತೆಗೆಯುವಾಗಲೂ ಅವನು ಅಂಚು ಸರಿಮಾಡುತ್ತಲೇ ಇದ್ದ. "ಅಂಚು ಬಿಡೋ ಮಾರಾಯ!" ಎಂದು ಕೂಗಿದೆ. ಥೋರಾ ಹೊರಬಂದು ನನ್ನ ತೋಳು ಹಿಡಿದರು. ಅವನು ಮುಂದೆ, ನಾವಿಬ್ಬರು ಹಿಂದೆ. ಸಲಿಕೆಯಷ್ಟೇ ಅಗಲದ, ಸೊಟ್ಟಸೊಟ್ಟ ದಾರಿ. ಅರ್ಧ ಬೀದಿ ದಾಟಿದ ಮೇಲೆ ಅವನು ತಿರುಗಿ ನೋಡಿದ. ನಮ್ಮ ಹಿಂದೆ ದಾರಿಯೇ ಇರಲಿಲ್ಲ. ಅವನ ಕೈ ನಿಂತಿತು.

"ಹಿಂದೆ ಯಾಕೆ ನೋಡ್ತೀಯ ಆರ್ವಿಡ್?" ಎಂದರು ಥೋರಾ. "ನಾನು ಹೋಗಬೇಕಾಗಿರೋದು ಮುಂದಕ್ಕೆ."

ಅವನು ಮೂಗು ಒರೆಸಿಕೊಂಡು ಮತ್ತೆ ಸಲಿಕೆ ಎತ್ತಿದ.

ನಾವು ವೃದ್ಧಾಶ್ರಮ ತಲುಪಿದಾಗ ಹಿಲ್ಮಾಳ ಕಣ್ಣು ಮುಚ್ಚಿತ್ತು, ಉಸಿರಿತ್ತು. ಥೋರಾ ಕೈಗವಸು ಕಳಚಿ ತಂಗಿಯ ಕೈ ಹಿಡಿದು, "ಬಂದೆ ಕಣೇ," ಎಂದರು. ಆ ಸಣಕಲು ಬೆರಳುಗಳು ಮೆಲ್ಲಗೆ ಬಿಗಿದುಕೊಂಡವು. ನನಗೆ ಅಳು ತಡೆಯಲಾಗಲಿಲ್ಲ.

ರಸ್ತೆ ಮುಚ್ಚಿ ಪಾದ್ರಿ ಪಕ್ಕದೂರಲ್ಲೇ ಸಿಕ್ಕಿಕೊಂಡಿದ್ದರು. "ನೀನೇ ಪ್ರಾರ್ಥನೆ ಮಾಡಪ್ಪಾ," ಎಂದರು ಥೋರಾ.

ಆರ್ವಿಡ್ ಅಭ್ಯಾಸಬಲದಿಂದ ಬರೆದ ಚೀಟಿಗಾಗಿ ಜೇಬು ತಡವಿದ. ಜೇಬು ಖಾಲಿ. ಟೊಪ್ಪಿಗೆ ತೆಗೆದ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕರ್ತನೇ... ಹಿಲ್ಮಾ ಇಲ್ಲಿದಾಳೆ. ನಾವು ಬಂದಿದೀವಿ. ನೀನೂ ಇರು."

ತಲೆ ತಗ್ಗಿಸಿ, "ಕ್ಷಮಿಸಿ, ಇಷ್ಟೇ ಬಂದಿದ್ದು," ಎಂದ.

"ಇನ್ನೇನಪ್ಪಾ ಬೇಕಿತ್ತು," ಎಂದು ಥೋರಾ ತಂಗಿಯ ಹಣೆ ಸವರಿದರು.

ಮಧ್ಯಾಹ್ನದ ಹೊತ್ತಿಗೆ, ಅಕ್ಕನ ಕೈ ಹಿಡಿದೇ, ಹಿಲ್ಮಾ ಹೋದಳು.

ನಾವು ಬಂದ ದಾರಿ ಕಿಟಕಿಯಿಂದ ಎಲ್ಲೂ ಕಾಣುತ್ತಿರಲಿಲ್ಲ. ಥೋರಾರನ್ನು ಮನೆಗೆ ಕರೆದೊಯ್ಯಬೇಕಿತ್ತು. ಆರ್ವಿಡ್ ಸಲಿಕೆ ತೆಗೆದುಕೊಂಡ.

"ಇನ್ನೂ ನಿಂತಿಲ್ಲ ಕಣೋ," ಎಂದೆ.

"ಗೊತ್ತು," ಎಂದು ಬಾಗಿಲು ತೆರೆದ.