ಆದೆಪ್ಪನ ಐದು ತಂತಿ

ಅಪ್ಪ ಆದೆಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ, ಯಲಬುರ್ಗಾದ ಸೋಮವಾರದ ಭಜನೆಯಲ್ಲಿ ಅವನ ಜಾಗಕ್ಕೆ ಯಾರದೋ ಕೀಬೋರ್ಡ್ ಬಂದು ಕೂತಿತು. ನಲವತ್ತು ವರ್ಷ ಅಲ್ಲಿ ಬ್ಯಾಂಜೊ ಬಾರಿಸಿದವನು ಅಪ್ಪ. ಈಗ ಸೋಮವಾರ ಬಂದರೆ ಬೇಸರಕ್ಕೆ ಊಟವನ್ನೇ ಮುಟ್ಟುತ್ತಿರಲಿಲ್ಲ. ಬ್ಯಾಂಜೊಕ್ಕೆ ಎಡಗೈಯಲ್ಲಿ ಗುಂಡಿ ಒತ್ತಬೇಕು, ಬಲಗೈಯಲ್ಲಿ ತಂತಿ ಮೀಟಬೇಕು. ಗುಂಡಿ ಅವನು ಒತ್ತಲಿ, ತಂತಿ ನಾನು ಮೀಟುತ್ತೇನೆ ಎಂದೆ.

ಭಜನೆಯ ಹಿರಿಯ ಯಮನೂರಪ್ಪ ಕಾಕಾ ನಕ್ಕ. "ಸುಕನ್ಯಾ, ನಿಮ್ಮಪ್ಪನ ಬೆರಳು ಈಗ ನಿಧಾನ ಆಗ್ಯಾವ. ನಡುವ ಸಪ್ಪಳ ನಿಂತ್ರ ಹಾಡೋರು ಎಲ್ಲಿ ಹೋಗ್ಬೇಕವ್ವ?"

ಸಿಟ್ಟು ನೆತ್ತಿಗೇರಿತು. ಆದರೆ ಮಾತು ಸುಳ್ಳಲ್ಲ.

ಅಟ್ಟದಿಂದ ಬ್ಯಾಂಜೊ ಇಳಿಸಿದೆ. ಎರಡು ತಂತಿಗೂ ತುಕ್ಕು ಹಿಡಿದಿತ್ತು, ತಂತಿ ಬಿಗಿಯುವ ಬಿರಡೆ ಕೂರುವ ಹಲಗೆಯನ್ನು ಗೆದ್ದಲು ತಿಂದು ತೇಗಿತ್ತು. ಹೇಗೂ ಹೊಸ ಹಲಗೆ ಬೇಕು, ಐದು ಬಿರಡೆ ಹಾಕಿಸಿದರೇನು? ಎರಡು ತಂತಿ ರಾಗಕ್ಕೆ. ಇನ್ನು ಮೂರು, ಗುಂಡಿಯ ಹಂಗಿಲ್ಲದೆ, ತಂಬೂರಿಯಂತೆ ಶ್ರುತಿ ಹಿಡಿದಿರಲಿಕ್ಕೆ. ಅಪ್ಪನ ಬೆರಳು ತಡವಾದರೂ ಸದ್ದು ನಿಲ್ಲುವುದಿಲ್ಲ.

ಕೌದಿಯಲ್ಲಿ ಸುತ್ತಿಕೊಂಡು ಬಸ್ ಹತ್ತಿ ಕಿನ್ನಾಳಕ್ಕೆ ಒಯ್ದೆ. ಗೊಂಬೆ ಮಾಡುವ ಮಲ್ಲೇಶ ಕಟ್ಟಿಗೆ ಕೆಲಸದಲ್ಲಿ ಗಟ್ಟಿಗ. ಎಂಟು ದಿನ ಬಿಟ್ಟು ಹೋದರೆ ಐದು ಬಿರಡೆಯೂ ಬಿಗಿಯಾಗಿ ಕೂತಿದ್ದವು. ಹೊಸ ತಂತಿ ಬಿಗಿದು ಮೀಟಿದೆ. ಸದ್ದಿಗೆ ಜೀವವೇ ಇಲ್ಲ. ನೋಡಿದರೆ ಪೆಟ್ಟಿಗೆಯ ಮೇಲಿನ ದುಂಡು ತೂತು ಮಾಯ, ಅಲ್ಲಿ ಬಣ್ಣದಲ್ಲಿ ಬರೆದ ಹಸಿರು ಗಿಳಿಯೊಂದು ಕೂತಿದೆ.

"ತೂತು ಬಿದ್ದಿತ್ರಿ ಅಕ್ಕಾರ. ಕಟ್ಟಿಗಿ ಹೊಟ್ಟು, ಹುಣಸಿಬೀಜದ ಅಂಟು ಕಲಸಿ ಮುಚ್ಚೀನಿ. ಗುರ್ತ ಸಿಗೂದಿಲ್ಲ ನೋಡ್ರಿ," ಎಂದು ಮಲ್ಲೇಶ ಹಿಗ್ಗಿದ. ಹುಟ್ಟಿದಾಗಿನಿಂದ ಗೊಂಬೆಗಳ ತೂತು ಮುಚ್ಚಿದ ಕೈ ಅದು, ಇದೊಂದನ್ನು ಬಿಟ್ಟೀತೇ?

"ಅಯ್ಯ ನನ ದೇವ್ರ! ಸಪ್ಪಳ ಹೊರಗ ಬರೂದು ಅದ್ರಾಗಿಂದನರಿ. ಉಳಿ ಕೊಡ್ರಿ ಇಲ್ಲೆ."

"ಗಿಣಿಗೆ ಎರಡು ದಿನಾ ಹಿಡದಾವ್ರಿ..."

"ಗಿಣಿ ಭಾಳ ಛಲೋ ಐತಿ. ಆದ್ರ ನಮ್ಮಪ್ಪಗ ಬ್ಯಾಂಜೊ ಬೇಕ್ರಿ."

ಅವನ ಮುಖ ನೋಡಿದರೆ ಕೈ ನಿಂತೀತೆಂದು ತಲೆ ಬಗ್ಗಿಸಿ ಕೆತ್ತತೊಡಗಿದೆ. ನನ್ನ ಒರಟು ಕೆಲಸ ತಾಳಲಾರದೆ ಕೊನೆಗೆ ಅವನೇ ಉಳಿ ಕಸಿದುಕೊಂಡು ಅಂಚು ನಯ ಮಾಡಿಕೊಟ್ಟ.

ಹದಿನೈದು ದಿನ, ಕಚೇರಿ ಕೆಲಸಕ್ಕೆ ಹೊರಡುವ ಮುಂಚೆ ಅಪ್ಪನ ಬಲಕ್ಕೆ ಕೂತು ಮೀಟುವುದು ಕಲಿತೆ. ಬೈಗುಳ ಹೊಟ್ಟೆ ತುಂಬ ತಿಂದೆ.

ಸೋಮವಾರ ಯಾರೂ ಕರೆಯದಿದ್ದರೂ, ಕೀಬೋರ್ಡಿನವನು ಬರುವ ಮೊದಲೇ ಹೋಗಿ ಅಪ್ಪನ ಜಾಗದಲ್ಲಿ ಕೂತೆವು. ಮೊದಲ ಭಜನೆಪದ ಸಲೀಸಾಗಿ ಹೋಯಿತು. ಎರಡನೆಯದರ ನಡುವೆ ಅಪ್ಪನ ಬೆರಳು ಗುಂಡಿ ಬಿಟ್ಟು ಮೇಲೆಯೇ ನಿಂತುಬಿಟ್ಟಿತು. ನಾನು ಮೀಟುವುದನ್ನು ಬಿಡಲಿಲ್ಲ. ಶ್ರುತಿ ಒಂದೇ ಸಮನೆ ಹರಿಯುತ್ತಿತ್ತು. ಯಮನೂರಪ್ಪ ಕಾಕಾ ಕಣ್ಣು ತೆರೆದು ಅಪ್ಪನನ್ನು ನೋಡಿದ. ಮುಂದಿನ ನುಡಿಗೆ ಹೋಗದೆ ಪಲ್ಲವಿಯನ್ನೇ ತಿರುಗಿ ಎತ್ತಿಕೊಂಡ. ಒಂದು ಸಲ, ಎರಡು ಸಲ, ಮೂರು ಸಲ.

ಅಪ್ಪ ಸೊಟ್ಟ ಬಾಯಿಯಲ್ಲೇ ಎಲ್ಲರಿಗೂ ಕೇಳುವಂತೆ ಅಂದ, "ತಡೀರಿ, ಬರಾಕತ್ತೀನಿ."

ಕಾಕಾ ನಾಲ್ಕನೆಯ ಸಲ ಪಲ್ಲವಿ ಎತ್ತಿಕೊಂಡ.