ಮೂಜಿಗೊಂದು ಟಿಕೆಟ್ಟು

ಜರ್ಮಿಸ್ಟನ್ ನಿಲ್ದಾಣದ ಕಿಟಕಿಯಲ್ಲಿ ತುಲಾನಿ ಮೂರು ಟಿಕೆಟ್ಟು ಕೇಳಿದ. ಒಳಗಿದ್ದ ಹುಡುಗಿ ಕತ್ತು ಚಾಚಿ ನೋಡಿದಳು. ಎದುರಿಗಿದ್ದವರು ಇಬ್ಬರೇ, ತುಲಾನಿ ಮತ್ತು ಅವನ ಅತ್ತಿಗೆ ಲಿಂಡಿವೆ. ಲಿಂಡಿವೆಯ ಕೈಲಿದ್ದ ಮುಳ್ಳುಕೊಂಬೆ, ನಮ್ಮ ಎಲಚಿಯ ಜಾತಿಯದೇ, ಕಣ್ಣಿಗೆ ಬಿದ್ದ ಮೇಲೆ ಹುಡುಗಿ ಮೂರು ಟಿಕೆಟ್ಟು ಹರಿದಳು. ಹೊರಗೆಲ್ಲೋ ಸತ್ತವನ ಆತ್ಮವನ್ನು ಆ ಕೊಂಬೆಯ ಮೇಲೆ ಕೂರಿಸಿಕೊಂಡು, ದಾರಿ ಹೇಳುತ್ತ ಮನೆಗೆ ತರಬೇಕು, ದಾರಿಗೆ ಅವನ ಟಿಕೆಟ್ಟನ್ನೂ ತೆಗೆಯಬೇಕು. ಆ ಊರಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

"ಎಲ್ಲಿಂದ ಕರ್ಕೊಂಡ್ ಹೋಗ್ತೀರಿ, ಅಪ್ಪಾ?"

"ಫೌಂಡ್ರಿ ನಿಲ್ದಾಣದಿಂದ, ಮಗಳೇ. ಅಲ್ಲಿಳಿದು ಅಣ್ಣನ್ನ ಕರ್ಕೊಂಡು, ಮುಂದಿನ ಗಾಡಿಗೆ ಕಟ್ಲೆಹಾಂಗ್‌ಗೆ, ಮನೆಗೆ."

"ಅಲ್ಲಿ ನಿಲ್ಲಲ್ವಲ್ಲ. ಆ ನಿಲ್ದಾಣದಲ್ಲಿ ಏನೂ ಉಳಿದಿಲ್ಲ, ಎಲ್ಲಾ ಕಿತ್ಕೊಂಡ್ ಹೋಗಿದಾರೆ. ಯಾವಾಗ ಸರಿಮಾಡ್ತಾರೋ ನಮಗೂ ಹೇಳಿಲ್ಲ."

ಲಿಂಡಿವೆ ಥಟ್ಟನೆ ಕಿಟಕಿಗೆ ಬಗ್ಗಿದಳು. ಆದರೆ ಕೊಂಬೆ ಹಿಡಿದವಳು ಸತ್ತವನ ಜೊತೆ ಬಿಟ್ಟರೆ ಬೇರೆ ಯಾರ ಜೊತೆಯೂ ಮಾತಾಡುವಂತಿಲ್ಲ. ತುಲಾನಿ ಅವಳ ಮುಖ ನೋಡಿದ. ಅವಳು ಪ್ಲಾಟ್‌ಫಾರ್ಮಿನ ಕಡೆಗೆ ನಡೆದೇಬಿಟ್ಟಳು.

ಅವಳ ಗಂಡ ಮೂಜಿ ಇಪ್ಪತ್ತಾರು ವರ್ಷ ಫೌಂಡ್ರಿಯಲ್ಲಿ ಕಬ್ಬಿಣ ಎರಕ ಹೊಯ್ದವನು. ಹೋಗುವುದೂ ರೈಲು, ಬರುವುದೂ ರೈಲು. ಹೊರಟ ಗಾಡಿಯ ಹಿಂದೆ ಓಡಿ, ಬಾಗಿಲ ಕಂಬಿಗೆ ಕೈ ಹಾಕಿ ಜಿಗಿಯುವುದೆಂದರೆ ಅವನಿಗೆ ವಯಸ್ಸು ಐವತ್ತಾದರೂ ಹುಚ್ಚು. ಲಿಂಡಿವೆ ದಿನಾ ಬೆಳಿಗ್ಗೆ ಊಟದ ಡಬ್ಬಿ ಕೈಗಿಡುತ್ತ ಅದೇ ಮಾತು ಹೇಳುತ್ತಿದ್ದಳು.

"ಓಡ್ಬೇಡ ಕಣೋ. ಹೋದ್ರೆ ಹೋಗ್ಲಿ, ಇನ್ನೊಂದು ಬರುತ್ತೆ."

"ಇನ್ನೊಂದು ಬರುತ್ತೋ ಇಲ್ವೋ ರೈಲಿನೋರಿಗೇ ಗೊತ್ತಿಲ್ಲ. ನಿಂಗ್ಯಾರೇ ಹೇಳಿದ್ದು?"

ಆರು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಸಂಜೆ, ಕೈಗೆ ಕಂಬಿ ಸಿಕ್ಕಿತು, ಕಾಲಿಗೆ ಮೆಟ್ಟಿಲು ಸಿಗಲಿಲ್ಲ. ಡಬ್ಬಿ ಮಾತ್ರ ಪ್ಲಾಟ್‌ಫಾರ್ಮಿನ ಮೇಲೆ ನೆಟ್ಟಗೆ ಕೂತಿತ್ತಂತೆ.

ಮಣ್ಣು ಮಾಡಿ ವಾರ ಕಳೆಯುವುದರೊಳಗೆ ಕಾಯಿಲೆಯ ಹೆಸರಲ್ಲಿ ಊರಿಗೆ ಊರೇ ಬಾಗಿಲು ಹಾಕಿತು, ರೈಲೂ ನಿಂತಿತು. ಕಾವಲಿನವರನ್ನು ಮನೆಗೆ ಕಳಿಸಿದರು. ಇನ್ನು ಕೇಳಬೇಕೇ, ಕಳ್ಳರಿಗೆ ಹಬ್ಬ. ಮೊದಲು ತಂತಿ ಹೋಯಿತು, ಆಮೇಲೆ ಹಳಿ, ಆಮೇಲೆ ಮಾಡಿನ ತಗಡು, ಕಡೆಗೆ ಕಕ್ಕಸಿನ ಬಾಗಿಲನ್ನೂ ಬಿಡಲಿಲ್ಲ ಹಾಳಾದವರು. ಸಾವಿರಾರು ಜನರನ್ನು ಹೊತ್ತ ದಾರಿಯಲ್ಲಿ ಆಡು ಮೇಯುತ್ತಿದ್ದವು. ಕೆಲಸಕ್ಕೆ ಹೋಗುವವರು ವ್ಯಾನ್ ಟ್ಯಾಕ್ಸಿಗಳಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತು ಬೈಯುತ್ತ ಹೋದರು. ದೂರದವರ ಕೆಲಸವೇ ಹೋಯಿತು.

ಊರು ಮತ್ತೆ ಬಾಗಿಲು ತೆರೆದ ಮೇಲೆ ತುಲಾನಿ ಕೊಂಬೆ ಹಿಡಿದು ಹೋಗಿ ಅಣ್ಣನನ್ನು ಕರೆದಿದ್ದ, ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಬಂದಿದ್ದ. ಮಾರನೆಯ ದಿನವೇ ಲಿಂಡಿವೆಗೆ ಕನಸು. ಮೂಜಿ ಮಸಿ ಹಿಡಿದ ಕೆಲಸದ ಬಟ್ಟೆಯಲ್ಲೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಳಿ ನೋಡುತ್ತಿದ್ದಾನೆ.

"ಬಂದಿಲ್ಲ ಅವ್ನು," ಎಂದಿದ್ದಳು. "ಬದುಕಿದ್ದಾಗ ಟ್ಯಾಕ್ಸಿ ಹತ್ತಿದವ್ನಾ, ಸತ್ತ ಮೇಲೆ ಹತ್ತೋಕೆ?"

"ಸತ್ರೂ ಜಂಬ ಬಿಡ್ಲಿಲ್ಲ ನಮ್ಮಣ್ಣ," ಎಂದು ತುಲಾನಿ ಮುಖ ಊದಿಸಿಕೊಂಡಿದ್ದ.

ಕನಸು ಆರು ವರ್ಷ ನಿಲ್ಲಲಿಲ್ಲ. ಈಗ ಲಿಂಡಿವೆಯ ಕಾಲು ಬಾತಿದೆ, ಆಸ್ಪತ್ರೆಯವರು ಮುಖ ಸಣ್ಣ ಮಾಡಿಕೊಂಡು ಮಾತಾಡುತ್ತಾರೆ. ತಾನು ಹೋಗುವ ಹೊತ್ತಿಗೆ ಅವನು ಮನೆಯ ಹಿರಿಯರ ಜೊತೆ ಸೇರಿರಬೇಕು. ಇಲ್ಲದಿದ್ದರೆ ಅವನು ಪ್ಲಾಟ್‌ಫಾರ್ಮಿನಲ್ಲಿ, ತಾನು ಮನೆಯಲ್ಲಿ, ಸತ್ತ ಮೇಲೂ ಒಬ್ಬರಿಗೊಬ್ಬರು ಕಾಯುವುದೇ ಆಗುತ್ತದೆ. ಅವಳಿಗೆ ಇದ್ದ ಭಯ ಇದೊಂದೇ. ಸೋಮವಾರದಿಂದ ರೈಲು ಬಿಡುತ್ತಾರೆಂದು ಕೇಳಿದಾಗ ಕೂತು ಅತ್ತುಬಿಟ್ಟಿದ್ದಳು.

ಹೊಸ ಗಾಡಿ ನೀಲಿಯಾಗಿ ಫಳಫಳ ಹೊಳೆಯುತ್ತಿತ್ತು. ಬಾಗಿಲುಗಳು ತಾವಾಗಿ ಮುಚ್ಚಿಕೊಂಡವು. ಕಿಟಕಿ ತೆರೆಯುವಂತಿರಲಿಲ್ಲ, ಹಿಡಿದು ಜಿಗಿಯಲು ಹೊರಗೆ ಕಂಬಿಯೂ ಇರಲಿಲ್ಲ. ಬಾಗಿಲ ಪಕ್ಕದ ಸೀಟಿನಲ್ಲಿ ಕೂತಿದ್ದ ಗಂಡಸು ಕೊಂಬೆ ನೋಡಿ, ಟೋಪಿ ತೆಗೆದು, ಎದ್ದು ಜಾಗ ಬಿಟ್ಟ.

ತುಲಾನಿ ಗಾರ್ಡನ್ನು ಹುಡುಕಿ ಹಿಡಿದ. "ಒಂದೇ ನಿಮಿಷ ನಿಲ್ಸಪ್ಪ. ಬಾಗಿಲು ಇಷ್ಟೇ ಇಷ್ಟು ತೆಗಿ ಸಾಕು. ನಮ್ಮಣ್ಣ ತೆಳ್ಳಗಿದ್ದ."

ಗಾರ್ಡು ನಗಲಿಲ್ಲ. "ನನ್ ಕೈಲಿಲ್ಲ, ಅಪ್ಪಾ. ನಮ್ಮಮ್ಮನಾಣೆ ಇದ್ದಿದ್ರೆ ತೆಗೀತಿದ್ದೆ. ಅಲ್ಲಿ ಸಿಗ್ನಲ್ ಇಲ್ಲ, ಗಾಡಿ ನಡೆಯೋಷ್ಟೇ ನಿಧಾನಕ್ಕೆ ಹೋಗುತ್ತೆ. ಅಷ್ಟೇ."

ಗಾಡಿ ನಿಧಾನವಾಯಿತು. ಲಿಂಡಿವೆ ಎದ್ದು ಬಾಗಿಲ ಗಾಜಿಗೆ ಕೊಂಬೆಯನ್ನು ಒತ್ತಿ ಹಿಡಿದಳು. ಮಾಡಿಲ್ಲದ ಕಂಬಗಳು ಬಂದವು, ಸೊಂಟದೆತ್ತರದ ಹುಲ್ಲು, ಒಡೆದ ಸಿಮೆಂಟು. ಇಡೀ ಪ್ಲಾಟ್‌ಫಾರ್ಮು ಖಾಲಿ. ಖಾಲಿಯೆಂದು ಬೇರೆಯವರಿಗೆ ಕಾಣುತ್ತಿತ್ತು, ಅವಳಿಗಲ್ಲ.

"ಮೂಜಿ, ರೈಲು ಬಂದಿದೆ ಕಣೋ," ಎಂದಳು. "ನಿನ್ ಟಿಕೆಟ್ಟೂ ತಗೊಂಡಿದೀನಿ. ಬಾ."

ಅರ್ಧ ಪ್ಲಾಟ್‌ಫಾರ್ಮು ಹಿಂದೆ ಸರಿಯಿತು. ಗಾಡಿ ನಿಲ್ಲುತ್ತಿರಲಿಲ್ಲ. ಹೇಳಬೇಕಾದ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಕಡೆಯ ಎರಡು ಕಂಬ ಉಳಿದಾಗ ಅವಳು ಗಾಜಿಗೆ ಹಣೆ ಹಚ್ಚಿದಳು.

"ಓಡು," ಎಂದಳು. "ಓಡಿ ಬಂದು ಹತ್ತೋ, ನನ್ನಪ್ಪಾ. ನಂಗೆ ಇನ್ನೊಂದು ಬರಲ್ಲ."

ಪ್ಲಾಟ್‌ಫಾರ್ಮು ಮುಗಿಯಿತು, ಗಾಡಿ ವೇಗ ಹಿಡಿಯಿತು. ಅವಳು ಬಂದು ಕೂತು, ಪಕ್ಕದ ಸೀಟಿನ ಮೇಲೆ ಕೊಂಬೆಯನ್ನು ಮೆಲ್ಲಗೆ ಮಲಗಿಸಿದಳು.

ತುಲಾನಿ ಬಗ್ಗಿ ಪಿಸುಗುಟ್ಟಿದ. "ಹತ್ತಿದ್ನಾ, ಅತ್ತಿಗೆ?"

ಬದುಕಿದ್ದವರ ಜೊತೆ ಅವಳು ಮಾತಾಡುವಂತಿರಲಿಲ್ಲ. ಕಟ್ಲೆಹಾಂಗ್ ಬರುವವರೆಗೂ ಅವಳು ಕೊಂಬೆಗೆ ದಾರಿ ಹೇಳುತ್ತಲೇ ಇದ್ದಳು.